ಹಾಗಲ ರಸದ ಬೋರ್ಡು ತೆಗೆಸಿ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಪಾರ್ಕಿನ ಗೇಟಿಗೆ ಬೆಳಗಾಗುವ ಮೊದಲೇ ಹಾಗಲಕಾಯಿ ರಸದ ಗಾಡಿ ಬಂದು ನಿಲ್ಲುತ್ತದೆ. ‘ಸಕ್ಕರೆ ಕಾಯಿಲೆ ಬುಡಸಮೇತ ಮಾಯ’ ಎಂಬ ಬೋರ್ಡು ಬೇರೆ! ನಾನು ಔಷಧ ಅಂಗಡಿಯವನು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ, ತಿಂಡಿ ತಿನ್ನದೆ ಈ ರಸವನ್ನೂ ಲೋಟಗಟ್ಟಲೆ ಕುಡಿದು, ಸಕ್ಕರೆ ತೀರಾ ಇಳಿದು ಬೆವರಿ, ಕೈ ನಡುಗುತ್ತ ಕೌಂಟರಿಗೆ ಒರಗಿದವರಿಗೆ ಗ್ಲೂಕೋಸ್ ಕಲಸಿ ಕೊಟ್ಟಿದ್ದೇನೆ. ಹಾಗಲಕ್ಕೆ ಸಕ್ಕರೆ ಇಳಿಸುವ ಗುಣ ತುಸು ಇರಬಹುದು. ಆದರೆ ಅದನ್ನು ಚಿಕಿತ್ಸೆ ಎನ್ನಲು ಸಾಕಷ್ಟು ಪುರಾವೆ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ಪರಿಶೀಲನೆಗೆ ಸಿಗಲಿಲ್ಲ. ಮಾತ್ರೆಯನ್ನೇ ಬಿಟ್ಟವರ ಪಾಡು ಇನ್ನೂ ಕಷ್ಟ.

ಮಧುಮೇಹ ವಾಸಿ ಮಾಡುತ್ತೇವೆಂಬ ಔಷಧ ಜಾಹೀರಾತನ್ನು 1954ರ ‘ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್’ ಕಾಯ್ದೆಯೇ ನಿಷೇಧಿಸಿದೆ. ಪಲ್ಯ, ಗೊಜ್ಜು ಧಾರಾಳವಾಗಿ ತಿನ್ನಲಿ (ಗೊಜ್ಜಿಗೆ ಬೆಲ್ಲ ಸುರಿಯದಿದ್ದರೆ ಸರಿ). ಆ ಬೋರ್ಡನ್ನು ಮಾತ್ರ ಸಂಬಂಧಪಟ್ಟವರು ಕೂಡಲೇ ತೆಗೆಸಬೇಕು.

– ಔಷಧ ವ್ಯಾಪಾರಿ, ದಾವಣಗೆರೆ