ಟೈಮರ್ ಪಾಠ ಲ್ಯಾಬಲ್ಲಿ ಕೈಯಾರೆ ಮಾಡ್ಸಿ

ಸಂಪಾದಕರೇ, ದಾವಣಗೆರೇಲಿ ಪಂಪ್ ಕಂಟ್ರೋಲ್ ಬೋರ್ಡ್ ರಿಪೇರಿ ಮಾಡ್ತೀನಿ, ಕಲಿಯೋಕೆ ಬರೋ ಡಿಪ್ಲೊಮಾ ಹುಡುಗ್ರು ಪ್ರೋಗ್ರಾಂನಲ್ಲಿ ಎಲ್ಲದಕ್ಕೂ ಡಿಲೇ (ಇಷ್ಟು ಹೊತ್ತು ಕಾಯಿ ಅನ್ನೋ ಆದೇಶ) ಅಂತ ಬರೀತಾರೆ, ಅಷ್ಟೊತ್ತೂ ಪ್ರೊಸೆಸರ್ ಅಲ್ಲೇ ಕಾಯ್ತಾ ಇರುತ್ತೆ, ಬಟನ್ ಒತ್ತಿದ್ರೂ ಪಂಪ್ ನಿಲ್ಲಲ್ಲ. ಚಿಪ್ ಒಳಗೇ ಟೈಮರ್ ಇದ್ಯಲ್ಲ, ಅದು ಪ್ರೋಗ್ರಾಂ ಹಂಗಿಲ್ದೆ ತಾನೇ ಎಣಿಸುತ್ತೆ! ಆರ್ಡುಯಿನೊ ಊನೊ ಅನ್ನೋ ಕಲಿಕೆ ಬೋರ್ಡಲ್ಲಿ ಕ್ಲಾಕ್ 16 ಮೆಗಾಹರ್ಟ್ಸ್, ಅಂದ್ರೆ ಸೆಕೆಂಡಿಗೆ 1.6 ಕೋಟಿ ಪಲ್ಸ್, ಅದನ್ನ ಭಾಗಿಸೋ ಪ್ರಿಸ್ಕೇಲರ್ 256 ಇಟ್ರೆ ಸೆಕೆಂಡಿಗೆ 62,500 ಎಣಿಕೆ, 16 ಬಿಟ್ ಟೈಮರ್ 65,535ರ ತನಕ ಹೋಗೋದ್ರಿಂದ ಒಂದು ಸೆಕೆಂಡ್ ಆರಾಮಾಗಿ ಹಿಡಿಯುತ್ತೆ, ಆದ್ರೆ ಎಣಿಕೆ ಸೊನ್ನೆಯಿಂದ ಶುರು, ಅದಕ್ಕೇ ಎಣಿಕೆ ಎಲ್ಲಿಗೆ ಮುಗೀಬೇಕು ಅಂತ ಹೇಳೋ ಕಂಪೇರ್ ರಿಜಿಸ್ಟರ್‌ಗೆ 62,499 ಹಾಕ್ಬೇಕು, ಹುಡುಗ್ರು ಎಡವೋದೇ ಇಲ್ಲಿ. ಅದೇ ಟೈಮರ್‌ಗೆ ಕ್ಲಾಕ್ ಬದಲು 5ನೇ ಪಿನ್ನಿಂದ ಪಲ್ಸ್ ಕೊಟ್ರೆ ಅದೇ ಕೌಂಟರ್, ಮಂಡಕ್ಕಿ ಪ್ಯಾಕೆಟ್ ಬೇಕಾದ್ರೂ ಎಣಿಸ್ಬೋದು. ಕಾಲೇಜು ಲ್ಯಾಬುಗಳಲ್ಲಿ ದಯವಿಟ್ಟು ಇದನ್ನ ಬೋರ್ಡ್ ಮೇಲೆ ಮಾಡ್ಸಿ.

– ಒಬ್ಬ ಓದುಗ, ದಾವಣಗೆರೆ