ವಿಳಾಸ ತಪ್ಪಿ ಹೋದ ತಂಡವಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಕ್ರೀಡಾ ಪುರವಣಿಯಲ್ಲಿ, ಇಂಗ್ಲೆಂಡಿನ ಡರ್ಹಮ್ ಪ್ರಾಂತ್ಯದ ಕಲ್ಲಿದ್ದಲು ಗಣಿಯೂರಾದ ವೆಸ್ಟ್ ಆಕ್ಲೆಂಡಿನ ಫುಟ್‌ಬಾಲ್ ತಂಡ 1909ರಲ್ಲಿ ಇಟಲಿಯ ಟ್ಯೂರಿನ್‌ಗೆ ಹೋಗಿ ಸರ್ ಥಾಮಸ್ ಲಿಪ್ಟನ್ ಟ್ರೋಫಿ ಗೆದ್ದು ತಂದ ಪ್ರಸಂಗವನ್ನು ಓದಿದೆ. ಬರಹ ಸ್ವಾರಸ್ಯವಾಗಿದೆ. ಆದರೆ ಆ ಸ್ವಾರಸ್ಯವೆಲ್ಲ ನಿಂತಿರುವುದು ಒಂದು ಹಳೆಯ ದಂತಕಥೆಯ ಮೇಲೆ. ಆಹ್ವಾನ ಹೋಗಬೇಕಾಗಿದ್ದದ್ದು ಲಂಡನ್ನಿನ ವುಲಿಚ್ ಆರ್ಸೆನಲ್ ತಂಡಕ್ಕೆ. ಎರಡೂ ಹೆಸರುಗಳ ಮೊದಲಕ್ಷರಗಳು ಒಂದೇ ಆಗಿದ್ದರಿಂದ ಯಾರೋ ಗುಮಾಸ್ತ ಎಡವಿ, ಪತ್ರ ಗಣಿ ಕಾರ್ಮಿಕರ ಕೈ ಸೇರಿತು ಎಂಬುದು ಆ ಕಥೆ. ಪತ್ರ ತಪ್ಪಿ ಬಂದಿತೆಂದೇ ಇಟ್ಟುಕೊಳ್ಳೋಣ, ಗೋಲು ತಪ್ಪಿ ಬೀಳುವುದಿಲ್ಲವಲ್ಲ! ಆ ತಂಡ ಜರ್ಮನಿಯ ಸ್ಟುಟ್‌ಗಾರ್ಟ್ ತಂಡವನ್ನು 2–0ರಿಂದ, ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ತಂಡವನ್ನು ಮತ್ತೆ 2–0ರಿಂದ ಸೋಲಿಸಿತು. ನಿಮ್ಮ ಬರಹ ಅಲ್ಲಿಗೇ ನಿಂತಿದೆ. 1911ರಲ್ಲಿ ಅದೇ ತಂಡ ಟ್ರೋಫಿ ಉಳಿಸಿಕೊಳ್ಳಲು ಮತ್ತೆ ಟ್ಯೂರಿನ್‌ಗೆ ಹೋಯಿತು, ಫೈನಲ್‌ನಲ್ಲಿ ಯುವೆಂಟಸ್ ತಂಡವನ್ನು 6–1ರಿಂದ ಮಣಿಸಿತು. ಒಬ್ಬನೇ ಗುಮಾಸ್ತ ಎರಡು ಸಲ ಎಡವಿದನೆಂದು ಹೇಳುವ ಧೈರ್ಯ ಯಾರಿಗೂ ಬರಲಾರದು.

ಈ ಗೆಲುವನ್ನು ಪವಾಡವೆಂದು ಬಣ್ಣಿಸುವವರು ಅದರ ಹಿಂದಿದ್ದ ನಾರ್ದರ್ನ್ ಲೀಗನ್ನು ಮರೆಯುತ್ತಾರೆ. ನಿಮ್ಮ ಪೂರ್ಣಪುಟದ ಬರಹದಲ್ಲಿ ಆ ಹೆಸರು ಒಮ್ಮೆಯೂ ಬಂದಿಲ್ಲ ಎಂಬುದೇ ನಾನು ಈ ಪತ್ರ ಬರೆಯಲು ಕಾರಣ.

1888ರಲ್ಲಿ ಹನ್ನೆರಡು ಕ್ಲಬ್‌ಗಳು ಸೇರಿ ಕಟ್ಟಿದ ಇಂಗ್ಲೆಂಡಿನ ಮೊದಲ ಫುಟ್‌ಬಾಲ್ ಲೀಗಿನಲ್ಲಿ ಈಶಾನ್ಯ ಭಾಗದ ಒಂದು ಕ್ಲಬ್ಬೂ ಇರಲಿಲ್ಲ. ಮರುವರ್ಷವೇ, ಡಾರ್ಲಿಂಗ್ಟನ್ ಕ್ಲಬ್ಬಿನ ಕಾರ್ಯದರ್ಶಿಯೂ ವೃತ್ತಿಯಿಂದ ಎಂಜಿನಿಯರನೂ ಆಗಿದ್ದ ಚಾರ್ಲ್ಸ್ ಕ್ರೇವನ್ ಮುಂದೆ ನಿಂತು ನಾರ್ದರ್ನ್ ಲೀಗನ್ನು ಹುಟ್ಟುಹಾಕಿದ. ಇಂದಿಗೂ ನಡೆಯುತ್ತಿರುವ ಲೀಗುಗಳಲ್ಲಿ ಹಳತನದಲ್ಲಿ ಅದಕ್ಕೆ ಜಗತ್ತಿನಲ್ಲೇ ಎರಡನೆಯ ಸ್ಥಾನ. ಹುಟ್ಟಿದಾಗ ಅದೇನೂ ಹಳ್ಳಿಗಳ ಲೀಗಾಗಿರಲಿಲ್ಲ. ಹವ್ಯಾಸಿಗಳೂ ಸಂಬಳದವರೂ ಅದರಲ್ಲಿ ಬೆರೆತಿದ್ದರು, ನ್ಯೂಕ್ಯಾಸಲ್, ಮಿಡಲ್ಸ್‌ಬರೋದಂತಹ ಪಟ್ಟಣಗಳ ತಂಡಗಳೂ ಇದ್ದವು. ಆ ದೊಡ್ಡ ತಂಡಗಳು ಬೆಳೆದು ಒಂದೊಂದಾಗಿ ರಾಷ್ಟ್ರೀಯ ಲೀಗಿನತ್ತ ಹೊರಟುಹೋದ ಮೇಲೆ ಉಳಿದವರು ಗಣಿಯೂರುಗಳವರು ಮತ್ತು ಬಿಷಪ್ ಆಕ್ಲೆಂಡಿನಂತಹ ಸಂತೆಯೂರಿನವರು. 1906ರಿಂದ ಲೀಗು ಸಂಪೂರ್ಣವಾಗಿ ಹವ್ಯಾಸಿಗಳದಾಯಿತು. ಅಂದರೆ ಹಳ್ಳಿಗಳು ಕಟ್ಟಿಕೊಂಡ ಲೀಗು ಎನ್ನುವುದಕ್ಕಿಂತ, ಪಟ್ಟಣಗಳು ಬಿಟ್ಟುಹೋದದ್ದನ್ನು ಹಳ್ಳಿಗಳು ಉಳಿಸಿಕೊಂಡ ಲೀಗು ಎನ್ನುವುದೇ ಸರಿ. ವೆಸ್ಟ್ ಆಕ್ಲೆಂಡ್ ಆಡುತ್ತಿದ್ದದ್ದು ಇದರಲ್ಲಿಯೇ, ಮತ್ತು ಅದು ಅಲ್ಲಿನ ಮೊದಲ ಸಾಲಿನ ತಂಡವೇನೂ ಆಗಿರಲಿಲ್ಲ. ಟ್ಯೂರಿನ್‌ನಲ್ಲಿ ಆಗ ಅಚ್ಚರಿಪಡಬೇಕಾಗಿದ್ದದ್ದು ಒಂದು ಊರಿನ ಅದೃಷ್ಟವನ್ನು ಕಂಡಲ್ಲ, ಇಂತಹ ಸಾಧಾರಣ ತಂಡವನ್ನೂ ಆ ಮಟ್ಟಕ್ಕೆ ಪಳಗಿಸಿದ್ದ ವಾರವಾರದ ಪೈಪೋಟಿಯನ್ನು ಕಂಡು.

ಇಲ್ಲೊಂದು ಮಾತು ಪ್ರಾಸಂಗಿಕವಾಗಿ. ಈ ಊರನ್ನು ನ್ಯೂಜಿಲೆಂಡಿನ ಆಕ್ಲೆಂಡ್ ನಗರದೊಡನೆ ಗೊಂದಲ ಮಾಡಿಕೊಳ್ಳಬೇಡಿ ಎಂದು ನಿಮ್ಮ ಲೇಖಕರು ಎಚ್ಚರಿಸಿದ್ದಾರೆ. ಎಚ್ಚರಿಕೆ ಸರಿಯೇ, ಆದರೆ ನಂಟು ಇಲ್ಲದಿಲ್ಲ. 1836ರಿಂದ 1842ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದ ಜಾರ್ಜ್ ಈಡನ್ನನ ಬಿರುದು ಹುಟ್ಟಿದ್ದು ಈ ವೆಸ್ಟ್ ಆಕ್ಲೆಂಡಿನ ಹೆಸರಿನಿಂದ. ನ್ಯೂಜಿಲೆಂಡಿನ ನಗರಕ್ಕೆ ಆತನ ಬಿರುದಿನ ಹೆಸರನ್ನಿಟ್ಟರು, ಕೋಲ್ಕತ್ತದ ಈಡನ್ ಗಾರ್ಡನ್ಸ್‌ಗೆ ಆತನ ಸೋದರಿಯರ ಮನೆತನದ ಹೆಸರು ಬಂತು.

‘ಕೇವಲ ಹವ್ಯಾಸಿಗಳು’ ಎಂಬ ನಿಮ್ಮ ಉಪಶೀರ್ಷಿಕೆಯ ಬಗ್ಗೆಯೂ ನನ್ನ ತಕರಾರಿದೆ. ನಮ್ಮ ಕಿವಿಗೆ ಹವ್ಯಾಸಿ ಎಂದರೆ ಬಿಡುವಿದ್ದಾಗ ಆಡುವವನು, ಅರೆಬರೆ ಕಲಿತವನು. ಡರ್ಹಮ್‌ನ ಗಣಿಯೂರುಗಳಲ್ಲಿ ಆ ಪದಕ್ಕಿದ್ದದ್ದು ಒಂದೇ ಅರ್ಥ: ಆಟಕ್ಕೆ ಸಂಬಳ ಪಡೆಯದವನು. ಆಟದ ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಸಂಬಳ ಪಡೆಯದವನು ಎಂಬುದು ಕೂಡ ಕಾಗದದ ಮೇಲಿನ ಮಾತೇ ಎನ್ನಬೇಕು. ಆಟ ಮುಗಿದು, ಕೆಸರು ತೊಳೆದು, ಆಟಗಾರ ತನ್ನ ಬೂಟಿನೊಳಗೆ ಕಾಲಿಟ್ಟರೆ ಹೆಬ್ಬೆರಳಿಗೆ ನಾಣ್ಯ ತಗಲುತ್ತಿತ್ತು. ಯಾರಿಟ್ಟರೆಂದು ಅವನು ಕೇಳುತ್ತಿರಲಿಲ್ಲ, ಇಟ್ಟವರು ಹೇಳುತ್ತಿರಲಿಲ್ಲ. ‘ಬೂಟಿನ ಹಣ’ ಎಂದೇ ಅದಕ್ಕೆ ಹೆಸರು. 1927–28ರಲ್ಲಿ ಕ್ರೂಕ್ ಟೌನ್ ಕ್ಲಬ್ಬಿನ ಲೆಕ್ಕಪತ್ರದಿಂದ ಆರಂಭವಾದ ಇಂತಹದೇ ಹಗರಣ ಊರೂರಿಗೆ ಹರಡಿ, ಡರ್ಹಮ್ ಫುಟ್‌ಬಾಲ್ ಸಂಸ್ಥೆ ಮುನ್ನೂರಕ್ಕೂ ಹೆಚ್ಚು ಆಟಗಾರರನ್ನು ಅಮಾನತುಗೊಳಿಸಿತು. ನೆಲದಡಿಯಲ್ಲಿ ಕಲ್ಲಿದ್ದಲು ಕಡಿಯುವವನು ಪಂದ್ಯಕ್ಕಾಗಿ ಪಾಳಿ ತಪ್ಪಿಸಿಕೊಂಡರೆ ಆ ದಿನದ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಟ್ಟರೆ ಅಪರಾಧವೆನ್ನುವ ನಿಯಮವನ್ನು ಕೂಲಿಯ ಚಿಂತೆಯಿಲ್ಲದ ಜನ ಬರೆದಿದ್ದರೆಂಬುದು ನನ್ನ ಅಭಿಪ್ರಾಯ.

ಗುಣಮಟ್ಟದ ವಿಷಯಕ್ಕೆ ಬಂದರೆ ಪುರಾವೆ ಹುಡುಕಬೇಕಾಗಿಲ್ಲ. ಇಂಗ್ಲೆಂಡಿನ ಹವ್ಯಾಸಿ ಕಪ್ 1893–94ರಲ್ಲಿ ಆರಂಭವಾಗಿ 1974ರಲ್ಲಿ ಮುಗಿಯಿತು. ಅದನ್ನು ಬಿಷಪ್ ಆಕ್ಲೆಂಡ್ ಹತ್ತು ಸಲ ಗೆದ್ದಿತು, ಕ್ರೂಕ್ ಟೌನ್ ಐದು ಸಲ. 1939ರಲ್ಲಿ ಬಿಷಪ್ ಆಕ್ಲೆಂಡ್ ಪರ ಈ ಕಪ್ ಗೆದ್ದ ಬಾಬ್ ಪೇಸ್ಲಿ ಮುಂದೆ ಲಿವರ್‌ಪೂಲ್ ತಂಡದ ಮ್ಯಾನೇಜರಾಗಿ ಮೂರು ಯುರೋಪಿಯನ್ ಕಪ್ ಗೆಲ್ಲಿಸಿದ. ಇವೆಲ್ಲಕ್ಕಿಂತ ನನ್ನನ್ನು ಹಿಡಿದಿರುವುದು 1954ರ ಫೈನಲ್. ಎದುರಾಳಿಗಳಾದ ಕ್ರೂಕ್ ಟೌನ್ ಮತ್ತು ಬಿಷಪ್ ಆಕ್ಲೆಂಡ್ ಹತ್ತಿರ ಹತ್ತಿರದ ಊರುಗಳು. ಇಬ್ಬರೂ ದೇಶದ ಇನ್ನೊಂದು ತುದಿಯ ವೆಂಬ್ಲಿಗೆ ಹೋದರು. ಒಂದು ಲಕ್ಷ ಜನರ ಎದುರು ಪಂದ್ಯ 2–2ರಲ್ಲಿ ಸಮವಾಯಿತು. ನ್ಯೂಕ್ಯಾಸಲ್‌ನಲ್ಲಿ ಮರುಪಂದ್ಯ, ಮತ್ತೆ 2–2. ಕೊನೆಗೆ ಮಿಡಲ್ಸ್‌ಬರೋದಲ್ಲಿ ಕ್ರೂಕ್ 1–0ರಿಂದ ಗೆದ್ದಿತು. ಮೂರೂ ಪಂದ್ಯಗಳನ್ನು ನೋಡಿದವರ ಸಂಖ್ಯೆ ಎರಡು ಲಕ್ಷದ ಹತ್ತಿರ. ಸೋತ ಬಿಷಪ್ ಆಕ್ಲೆಂಡ್ ನಂತರದ ಮೂರು ವರ್ಷ, 1955, 1956, 1957ರಲ್ಲಿ, ಕಪ್ಪನ್ನು ಯಾರಿಗೂ ಬಿಟ್ಟುಕೊಡಲಿಲ್ಲ. 1958ರ ಫೆಬ್ರುವರಿಯಲ್ಲಿ ಮ್ಯೂನಿಕ್ ವಿಮಾನ ದುರಂತದಲ್ಲಿ ತನ್ನ ಆಟಗಾರರನ್ನು ಕಳೆದುಕೊಂಡ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ನೆರವಾಗಲು ಇದೇ ಕ್ಲಬ್ಬಿನ ಬಾಬ್ ಹಾರ್ಡಿಸ್ಟಿ, ಡೆರೆಕ್ ಲೂಯಿನ್, ವಾರೆನ್ ಬ್ರಾಡ್ಲಿ ಹೋದರು. ಶಾಲಾ ಶಿಕ್ಷಕನಾಗಿದ್ದ ಬ್ರಾಡ್ಲಿ ಮರುವರ್ಷ ಇಂಗ್ಲೆಂಡ್ ರಾಷ್ಟ್ರೀಯ ತಂಡದಲ್ಲೇ ಆಡಿದ. ‘ಕೇವಲ’ ಎಂಬ ಪದ ಇಲ್ಲಿ ಎಲ್ಲಿ ಕೂರುತ್ತದೆಯೋ ನನಗೆ ತಿಳಿಯದು.

ಇಂತಹ ಲೀಗು ಕುಗ್ಗಿದ್ದೇಕೆ ಎಂಬುದಕ್ಕೆ ‘ದೂರದರ್ಶನ ಬಂದ ಮೇಲೆ ಜನ ಮೈದಾನಕ್ಕೆ ಬರಲಿಲ್ಲ’ ಎಂದು ಒಂದೇ ಸಾಲಿನಲ್ಲಿ ನಿಮ್ಮ ಲೇಖಕರು ಮುಗಿಸಿಬಿಟ್ಟಿದ್ದಾರೆ. ಅದು ಅರ್ಧ ಸತ್ಯವೂ ಅಲ್ಲ. ಲೀಗಿನ ಬೇರು ಗಣಿಯಲ್ಲಿತ್ತು. ಗಣಿಯಲ್ಲಿ ಕಲ್ಲಿದ್ದಲು ಇರುವವರೆಗೆ ಊರಿನಲ್ಲಿ ಹುಡುಗರಿದ್ದರು, ಹುಡುಗರಿರುವವರೆಗೆ ತಂಡವಿತ್ತು. 1951ರಲ್ಲಿ ಡರ್ಹಮ್ ಪ್ರಾಂತ್ಯದ ಅಭಿವೃದ್ಧಿ ಯೋಜನೆ ತನ್ನ ಊರುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ, ಕೊನೆಯದಾದ ‘ಡಿ’ ವರ್ಗಕ್ಕೆ 114 ಹಳ್ಳಿಗಳನ್ನು ತಳ್ಳಿತು. ಗಣಿ ಬರಿದಾದ ಇಲ್ಲವೇ ಬರಿದಾಗಲಿರುವ ಆ ಹಳ್ಳಿಗಳಲ್ಲಿ ಇನ್ನು ಹೊಸದಾಗಿ ಬಂಡವಾಳ ಹೂಡುವುದು ಬೇಡ, ಅವು ತಾವಾಗಿಯೇ ಕರಗಲಿ ಎಂಬುದು ಅದರ ತಾತ್ಪರ್ಯ. ಸರ್ಕಾರಿ ಕಾಗದದಲ್ಲಿ ಆಯುಸ್ಸು ಮುಗಿದ ಊರಿನಲ್ಲಿ ಹನ್ನೊಂದು ಜನರನ್ನು ಹೊಂದಿಸುವುದು ಹೇಗೆ? 1974ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಹವ್ಯಾಸಿ ಮತ್ತು ವೃತ್ತಿಪರ ಎಂಬ ಭೇದವನ್ನೇ ಅಳಿಸಿಹಾಕಿತು. ಬೂಟಿನ ಹಣದ ಕಪಟ ಕೊನೆಗೊಂಡಿತು ನಿಜ, ಜೊತೆಗೆ ಹವ್ಯಾಸಿ ಕಪ್ಪೂ ವೆಂಬ್ಲಿಯ ಆ ದಿನವೂ ಹೋದವು. ಲೀಗಿನ ಹಿರಿಯರ ತಪ್ಪೂ ಇಲ್ಲದಿರಲಿಲ್ಲ. ದೇಶದ ಲೀಗುಗಳನ್ನೆಲ್ಲ ಮೆಟ್ಟಿಲಿನಂತೆ ಜೋಡಿಸುವ ಏರ್ಪಾಡಿಗೆ ಕರೆ ಬಂದಾಗ ಅವರು ಹಳೆಯ ಗತ್ತಿನಲ್ಲಿ ದೂರ ಉಳಿದರು. 1991ರಲ್ಲಿ ಸೇರುವ ಹೊತ್ತಿಗೆ ಮೇಲಿನ ಮೆಟ್ಟಿಲುಗಳು ತುಂಬಿಹೋಗಿದ್ದವು. ಈಗ ಅದು ಒಂಬತ್ತು ಮತ್ತು ಹತ್ತನೆಯ ಮೆಟ್ಟಿಲಿನ ಲೀಗು. ಹಾಗೆಂದು ಸತ್ತಿಲ್ಲ: ಆ ಹಂತದ ಕ್ಲಬ್‌ಗಳಿಗಾಗಿ ಇರುವ ರಾಷ್ಟ್ರೀಯ ವೇಸ್ ಸ್ಪರ್ಧೆಯನ್ನು 2009ರಿಂದ 2013ರವರೆಗೆ ಐದೂ ವರ್ಷ ಗೆದ್ದದ್ದು ಇದರ ಕ್ಲಬ್‌ಗಳೇ.

ಇನ್ನೊಂದು ಸಂಗತಿಯನ್ನು ಭಾರತದ ಪತ್ರಿಕೆ ಬಿಟ್ಟಿದ್ದು ನನಗೆ ವಿಚಿತ್ರವೆನಿಸಿತು. ಈ ಲೀಗಿನ ಕ್ರೂಕ್ ಟೌನ್ 1976ರಲ್ಲಿ ಭಾರತ ಪ್ರವಾಸಕ್ಕೆ ಬಂದು ಮೋಹನ್ ಬಾಗಾನ್ ವಿರುದ್ಧ ಆಡಿತ್ತು. ತಮ್ಮ ಊರಿನ ಮೈದಾನದಲ್ಲಿ ಆ ಹೊತ್ತಿಗೆ ಕೆಲವೇ ನೂರು ಜನರನ್ನು ನೋಡುತ್ತಿದ್ದ ಆಟಗಾರರು ಕೋಲ್ಕತ್ತದ ಜನಸಾಗರವನ್ನು ಕಂಡು ಏನಂದುಕೊಂಡರೋ!

ಕೊನೆಯದಾಗಿ, ಟ್ರೋಫಿಯ ಕುರಿತು ಒಂದು ತಿದ್ದುಪಡಿ. ಎರಡನೆಯ ಪ್ರವಾಸದ ಖರ್ಚಿನಿಂದ ಸಾಲದಲ್ಲಿ ಮುಳುಗಿದ ಕ್ಲಬ್ಬು ಆ ಟ್ರೋಫಿಯನ್ನು ಊರಿನ ವೀಟ್‌ಶೀಫ್ ಹೋಟೆಲಿನ ಒಡತಿಯ ಬಳಿ 40 ಪೌಂಡಿಗೆ ಅಡವಿಟ್ಟಿತು. ಅದನ್ನು ಬಿಡಿಸಿಕೊಳ್ಳಲು ಆ ಊರು 1960ರವರೆಗೆ ಕಾಯಬೇಕಾಯಿತು, 100 ಪೌಂಡ್ ತೆರಬೇಕಾಯಿತು. ನಿಮ್ಮ ಬರಹದ ಜೊತೆಗಿರುವ ಚಿತ್ರದಡಿ ‘ಇಂದಿಗೂ ಊರಿನ ಕ್ಲಬ್ಬಿನಲ್ಲಿರುವ ಮೂಲ ಟ್ರೋಫಿ’ ಎಂದು ಅಚ್ಚಾಗಿದೆ. ಮೂಲ ಟ್ರೋಫಿ 1994ರ ಜನವರಿಯಲ್ಲಿ ಕಳುವಾಯಿತು. ಈಗ ಅಲ್ಲಿರುವುದು ಅದರ ಪ್ರತಿಕೃತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ