ಮರ ಮಾರಿ ಎಂಜಿನ್ ತರುವ ಮುಂಚೆ

ಮೂಡಿಗೆರೆ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಫಿ ತೋಟದ ಮೇಲಿನ ತಾಕಿನ ಅತ್ತಿ, ಹಲಸು, ನಂದಿ ಮರ ಮಾರಿ, ಆ ದುಡ್ಡಲ್ಲಿ ಇನ್ನೊಂದು ಡೀಸೆಲ್ ಎಂಜಿನ್, ಸ್ಪ್ರಿಂಕ್ಲರ್ ಪೈಪು ತರುತ್ತೀಯಂತೆ. ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಕಾಫಿ ಹೂ ಅರಳಿಸುವ ಹೂಮಳೆ ನಂಬಿ ಕೂರೋಕಾಗಲ್ಲ ಅನ್ನುವುದು ನಿನ್ನ ವಾದ. ಸರಿಯೇ. ಮಾರ್ಚಿನಲ್ಲಿ ಬೇಕಾದ ಮಳೆ ಕೈಕೊಡುತ್ತದೆ, ಕಣದಲ್ಲಿ ಕಾಫಿ ಹರವಿದಾಗ ಸುರಿಯುತ್ತದೆ. ರೊಬಸ್ಟಾ ಕಾಫಿಗೆ ಹೊತ್ತಿಗೆ ಸರಿಯಾಗಿ ಒಂದಿಂಚು ನೀರು ಬೀಳದಿದ್ದರೆ ಮೊಗ್ಗು ಒಣಗಿ ಹೋಗುತ್ತದೆ. ನೀರು ಹೊಡೆಯಬೇಡ ಅಂತ ನಾನು ಹೇಳಲ್ಲ.

ಆದರೆ ಒಂದು ಎಕರೆಗೆ ಒಂದಿಂಚು ಅಂದರೆ ಹೆಚ್ಚುಕಡಿಮೆ 1 ಲಕ್ಷ ಲೀಟರ್. ಅಷ್ಟೂ ಹಳ್ಳದಿಂದ ಗುಡ್ಡ ಹತ್ತಬೇಕು. 1 ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೀಟರ್ ಡೀಸೆಲ್ 1 ಕೆ.ಜಿ.ಯೂ ತೂಗಲ್ಲವಲ್ಲ ಅಂತೀಯ. ಉರಿಯುವಾಗ ಅದರ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ, ಮಿಕ್ಕ ತೂಕ ಅದರದ್ದು. ಗಂಟೆಗೆ 5 ಲೀಟರ್ ಕುಡಿಯುವ ಎಂಜಿನ್ 10 ಗಂಟೆ ಓಡಿದರೆ 135 ಕೆ.ಜಿ. ಆಯ್ತು. 50 ಕೆ.ಜಿ.ಯ ಕಾಫಿ ಚೀಲದ ಲೆಕ್ಕದಲ್ಲಿ ಎರಡೂವರೆ ಚೀಲಕ್ಕೂ ಜಾಸ್ತಿ!

ಎಂಜಿನ್ ಪಕ್ಕದ ಮೆಣಸಿನ ಬಳ್ಳಿ ಎಲೆ ಸವರಿ ನೋಡು. ಬೆರಳಿಗೆ ಕಪ್ಪು ಮಸಿ ಹತ್ತುತ್ತದೆ. ಎದೆಗೆ ಅದು ಕೆಟ್ಟದ್ದೇ. ಆದರೂ ಗಾಳಿಗೆ ಹೋದ ಮಸಿ ಒಂದೆರಡು ವಾರದಲ್ಲಿ ಕೆಳಗೆ ಬೀಳುತ್ತದೆ. ಕಣ್ಣಿಗೆ ಕಾಣದ ಇಂಗಾಲದ ಡೈಆಕ್ಸೈಡ್ ಹಾಗಲ್ಲ, ಅದರಲ್ಲೊಂದು ಪಾಲು ಸಾವಿರಾರು ವರ್ಷ ಮೇಲೇ ಉಳಿಯುತ್ತದೆ. ಕಲ್ಲಿದ್ದಲು, ಎಣ್ಣೆ ಈ ಪಾಟಿ ಉರಿಸುವುದಕ್ಕೆ ಮುಂಚೆ ಗಾಳಿಯ 10 ಲಕ್ಷ ಪಾಲಿನಲ್ಲಿ ಅದು 280 ಇತ್ತು. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಅಳೆಯಲು ಶುರು ಮಾಡಿದಾಗ 315ರ ಆಸುಪಾಸು. ಈಗ 420 ದಾಟಿದೆ. ನೆಲದಿಂದ ಮೇಲೇಳುವ ಬಿಸಿಯನ್ನು ಅದು ತಡೆದು ಹಿಡಿಯುತ್ತದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಜಾಸ್ತಿ ನೀರಾವಿ ಹೊರುತ್ತದೆ, ಹೊತ್ತದ್ದನ್ನು ಒಂದೇ ಸಲ ಸುರಿಯುತ್ತದೆ. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಜಾರಿ ಮನೆಗಳು ಹೋದವಲ್ಲ. ಅದೊಂದು ಮಳೆಯ ತಪ್ಪನ್ನೆಲ್ಲ ಡೀಸೆಲ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಅಂಥ ಮಳೆಗೆ ಬಲ ಬರುತ್ತಿರುವುದು ಇದರಿಂದಲೇ.

ನಮ್ಮೊಂದು ಎಂಜಿನ್‌ನಿಂದ ಲೋಕ ಮುಳುಗುತ್ತಾ? ಇಲ್ಲ. ರಾಯಚೂರಿನ ಕರೆಂಟಿಗೆ ಸುಡುವ ಕಲ್ಲಿದ್ದಲು, ಮಂಗಳೂರಿಂದ ಹಾಸನದ ಮೇಲೆ ಬೆಂಗಳೂರಿಗೆ ಪೈಪಿನಲ್ಲಿ ಹೋಗುವ ಎಣ್ಣೆ, ಇವುಗಳ ಮುಂದೆ ನಮ್ಮದು ಯಾವ ಲೆಕ್ಕ. ನನ್ನ ತಕರಾರು ಇರುವುದು ಎಂಜಿನ್‌ಗೋಸ್ಕರ ಮರ ಕಡಿಯುವುದಕ್ಕೆ. ನೆರಳು ಹೋದ ತಾಕು ಬೇಗ ಒಣಗುತ್ತದೆ, ನೀರು ಜಾಸ್ತಿ ಕೇಳುತ್ತದೆ, ಡೀಸೆಲ್ಲೂ ಜಾಸ್ತಿ. ಮರ ಇಷ್ಟು ವರ್ಷ ಹೀರಿಟ್ಟ ಇಂಗಾಲವೂ ಸೌದೆಯಾಗಿ ಉರಿದರೆ ವಾಪಸ್ ಗಾಳಿಗೇ. ಪಕ್ಕದಲ್ಲೇ ಅರೇಬಿಕಾ ಕಾಫಿ ಬೇರೆ ಇದೆ. ಬಿಸಿಲು ಬಿದ್ದ ಗಿಡಕ್ಕೇ ಬಿಳಿ ಕಾಂಡಕೊರಕ ಹುಳ ಮೊದಲು ಬರುವುದು, ನಿನಗೇ ಗೊತ್ತು.

ಹೀಗೆ ಮಾಡು. ಇರುವ ಎಂಜಿನ್ ಸರ್ವಿಸ್ ಮಾಡಿಸು. ಪೈಪಿನ ಜಾಯಿಂಟುಗಳಲ್ಲಿ ಸುಮ್ನೆ ಸೋರುವ ನೀರಿಗೂ ಡೀಸೆಲ್ ಸುಡ್ತಿದೀಯ, ವಾಷರ್ ಬದಲಾಯಿಸು. ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ರಾತ್ರಿಯೇ ಮೋಟಾರು ಹಾಕು. ನಿದ್ದೆ ಕೆಡುತ್ತದೆ, ಹೌದು, ಆದರೆ ತಂಪಿನಲ್ಲಿ ಹೊಡೆದ ನೀರು ಆವಿಯಾಗುವುದೂ ಕಮ್ಮಿ. ಕರೆಂಟಲ್ಲೂ ಕಲ್ಲಿದ್ದಲಿನ ಪಾಲು ಇದೆ, ಆದರೆ ಶರಾವತಿಯ ನೀರು, ಪಾವಗಡದ ಬಿಸಿಲಿನದ್ದೂ ಇದೆ. ಕೊಂಬೆ ಸವರುವುದಾದರೆ ಸವರಿಸು, ಬುಡಕ್ಕೆ ಕೈ ಹಾಕಬೇಡ. ಖಾಲಿ ಜಾಗಕ್ಕೆ ಬರೀ ಸಿಲ್ವರ್ ಓಕ್ ಮರ ತುಂಬಬೇಡ, ನೆರಳಿಗೆ ಹಾಲುವಾಣದ ಗೂಟವೂ ನೆಡಿಸು.

ಮುಂದಿನ ವಾರ ತೋಟಕ್ಕೆ ಬರುತ್ತೇನೆ. ಅಲ್ಲಿವರೆಗೆ ಮರದ ವ್ಯಾಪಾರಿ ಹತ್ತಿರ ಅಡ್ವಾನ್ಸ್ ತಗೋಬೇಡ. ತಗೊಂಡಿದ್ದರೆ ಹೇಳು, ವಾಪಸ್ ಕೊಡುವ ದುಡ್ಡು ನಾನು ತರುತ್ತೇನೆ.

ಇಂತಿ,
ದೊಡ್ಡಪ್ಪ